ಪ್ರತಿ ಫೋಟೊದಲ್ಲೂ ತೆರೆದ ಬಾಯಿ

ಮೊಮ್ಮಗಳ ಮದುವೆಯ ಆಲ್ಬಂ ತಿರುವಿ ಹಾಕಿದೆ. ಅವಳ ಪಕ್ಕ ನಿಂತ ಪ್ರತಿ ಫೋಟೊದಲ್ಲೂ ನನ್ನ ಬಾಯಿ ತೆರೆದೇ ಇತ್ತು. ಸಿಟ್ಟಿನಿಂದ ಕೋಗಿಲು ಬಡಾವಣೆಯ ಸ್ಟುಡಿಯೊಗೆ ಹೋಗಿ, “ಗೋಡೆಗೆ ಹಾಕೋಕೆ ನೆಟ್ಟಗಿರೋದು ಒಂದಾದ್ರೂ ಇಲ್ವೇನಯ್ಯಾ?” ಎಂದು ಫೋಟೊ ತೆಗೆದವನನ್ನು ಗದರಿದೆ.

ಅವನು ಮದುವೆಯ ವಿಡಿಯೊ ಹಾಕಿದ. ಓಲಗವನ್ನೂ ಮೀರಿಸಿದ ನನ್ನದೇ ದನಿ: “ಏ ಫ್ಲ್ಯಾಶು! ಏ ಕ್ಲಿಕ್ಕು! ಇಲ್ಲಿ ಬಾರೋ!”

“ನೀವು ಬಾಯಿ ಮುಚ್ಲಿ ಅಂತಾನೇ ಕಾಯ್ತಿದ್ದೆ ತಾತ. ನಂಗೂ ಮನೇಲಿ ಚಂದ್ರು ಅಂತ ಹೆಸರಿಟ್ಟಿದ್ದಾರೆ ಕಣ್ರೀ,” ಎಂದ. ತಲೆ ತಗ್ಗಿಸಿ ಕ್ಷಮೆ ಕೇಳಿದೆ.

ಮೊಮ್ಮಗಳು ಅದರಲ್ಲೇ ಒಂದು ಫೋಟೊವನ್ನು ಹಾಲ್‌ನಲ್ಲಿ ತೂಗುಹಾಕಿದ್ದಾಳೆ. ಏನು ಕೂಗುತ್ತಿದ್ದಿರಿ ಎಂದು ಬಂದವರು ಕೇಳಿದರೆ, “ಚಂದ್ರು ಅವ್ರೇ, ಬನ್ನಿ” ಎನ್ನುತ್ತಿದ್ದೆ ಎಂದು ಸುಳ್ಳು ಹೇಳುತ್ತೇನೆ.