ಕಂಬಗಳಿಲ್ಲದ ಮೂರು ಡೇರೆಗಳು

ಸಿದ್ದಾಪುರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಸಾಮಾನು ನೋಡಿದಾಗ ಡೇರೆಯ ಬಟ್ಟೆಗಳು ಮೂರೂ ಇದ್ದವು, ಹಗ್ಗದ ಚೀಲ ಇತ್ತು, ಅಕ್ಕಿ ಬೇಳೆ ಇತ್ತು, ಹದಿನೆಂಟು ಹುಡುಗಿಯರೂ ಇದ್ದರು. ಡೇರೆಯ ಕಂಬ ಮತ್ತು ಗೂಟಗಳ ಕಟ್ಟು ಮಾತ್ರ ಇರಲಿಲ್ಲ. ಹಾವೇರಿಯಿಂದ ಶಿರಸಿಗೆ ನಮ್ಮನ್ನು ತಂದ ಬಸ್ಸಿನ ಮೇಲೆ ಅದನ್ನು ಕಟ್ಟಿದ್ದರು. ಶಿರಸಿಯಲ್ಲಿ ಬಸ್ಸು ಬದಲಿಸುವ ಗಡಿಬಿಡಿಯಲ್ಲಿ ಇಳಿಸುವುದನ್ನು ಮರೆತೆವು. ಆ ಬಸ್ಸು ಅಷ್ಟೊತ್ತಿಗೆ ಕುಮಟೆಯ ಕಡೆಗೆ ಘಟ್ಟ ಇಳಿಯುತ್ತಿರಬೇಕು.

ನನಗಾಗ ಇಪ್ಪತ್ತಮೂರು ವರ್ಷ. ಹಾವೇರಿಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕವಾಯತು ಕಲಿಸುತ್ತಿದ್ದೆ. ಅರವತ್ತರ ದಶಕದ ಮೊದಲ ವರ್ಷಗಳು. ಗಂಡು ಹುಡುಗರ ಶಾಲೆಯವರು ಪ್ರತಿ ಚಳಿಗಾಲ ಎಲ್ಲಾದರೂ ಡೇರೆ ಹೊಡೆದು ಬರುತ್ತಿದ್ದರು. ನಮ್ಮ ಹುಡುಗಿಯರು ಅವರ ಕತೆ ಕೇಳಿ ಸುಮ್ಮನಾಗುತ್ತಿದ್ದರು. ಸಿದ್ದಾಪುರದಲ್ಲಿ ಎರಡು ರಾತ್ರಿ ಡೇರೆಯಲ್ಲಿದ್ದು, ಮೂರನೆಯ ದಿನ ಅಲ್ಲಿಂದ ಜೋಗಕ್ಕೆ ನಡೆದೇ ಹೋಗುವುದೆಂದು ನಾನು ಹೇಳಿದಾಗ ಶಾಲೆಯ ಆಡಳಿತ ಮಂಡಳಿಯ ಹಿರಿಯರೊಬ್ಬರು ಮೂರು ತಿಂಗಳು ತಲೆ ಅಲ್ಲಾಡಿಸಿದರು. ಕೊನೆಗೆ ಒಪ್ಪಿದಾಗ ಒಂದು ಕರಾರು ಹಾಕಿದರು.

"ಸಣ್ಣ ತೊಂದ್ರಿ ಆದ್ರೂ ಮುಂದಿನ ಬಸ್ಸಿಗೆ ಹುಡುಗ್ಯಾರನ್ನ ಹತ್ತಿಸಿಕೊಂಡು ವಾಪಸ್ ಬಂದುಬಿಡಬೇಕು ನೋಡ್ರಿ."

ಕಂಬವಿಲ್ಲದ ಡೇರೆ ಸಣ್ಣ ತೊಂದರೆಯೋ ದೊಡ್ಡದೋ ಎಂದು ಯೋಚಿಸುತ್ತಲೇ ನಾನು ಹುಡುಗಿಯರನ್ನು ಸಾಲಾಗಿ ಕರೆದುಕೊಂಡು ಊರಿನ ಶಾಲೆಯ ಬಯಲಿಗೆ ಹೋದೆ. ಅಲ್ಲಿ ಇಳಿದುಕೊಳ್ಳಲು ಮೊದಲೇ ಪತ್ರ ಬರೆದು ಅನುಮತಿ ಪಡೆದಿದ್ದೆ. ಶಾಲೆಯ ಹೆಡ್‌ಮಾಸ್ತರರು ಧೋತರ, ಕರಿ ಕೋಟು, ಟೋಪಿಯ ಸಣಕಲು ಮನುಷ್ಯ. ಸಂಗತಿ ಕೇಳಿ ಗಡಿಯಾರ ನೋಡಿದರು. ಎರಡು ಗಂಟೆಯಾಗಿತ್ತು.

"ಶಾಲೆಯ ಕೋಣೆ ಎರಡೂ ರಿಪೇರಿಗೆ ಬಿಚ್ಚಿಬಿಟ್ಟಿದ್ದೇವೆ ಅಕ್ಕೋರೆ, ಒಳಗೆ ಮಲಗಿಸೋಣ ಅಂದರೆ ತಲೆ ಮೇಲೆ ಮಾಡೇ ಇಲ್ಲ. ಐದಕ್ಕೆ ಶಿರಸಿಗೆ ಬಸ್ಸಿದೆ. ಮಕ್ಕಳನ್ನ ಹತ್ತಿಸಿಬಿಡಿ. ಹೆಣ್ಣುಮಕ್ಕಳ ಜವಾಬ್ದಾರಿ, ಹೆಚ್ಚು ಕಡಿಮೆ ಆದರೆ ನಾವಿಬ್ಬರೂ ಉತ್ತರ ಹೇಳಬೇಕಾಗ್ತದೆ."

"ಐದರ ತನಕ ಟೈಮ್ ಕೊಡ್ರಿ," ಎಂದೆ. "ಅಷ್ಟರಾಗ ಮೂರೂ ಟೆಂಟು ನಿಂತ್ರ ಇರ್ತೀವಿ. ಇಲ್ಲಾಂದ್ರ ನೀವು ಹೇಳಿದಂಗ ಹೋಗ್ತೀವಿ."

ಧೈರ್ಯದಿಂದ ಹೇಳಿದ್ದೇನೋ ಹೌದು. ಕವಾಯತಿನ ತರಬೇತಿಯಲ್ಲಿ ಕಂಬ ಇರುವ ಡೇರೆಯನ್ನು ನಿಲ್ಲಿಸಲು ಕಲಿಸಿದ್ದರು, ಇಲ್ಲದ್ದನ್ನಲ್ಲ.

ಬಯಲಿನ ಪಕ್ಕದಲ್ಲೇ ಒಂದು ಮನೆ. ಅದರ ಬೇಲಿಯ ಆಚೆ ಕೆಂಪು ಸೀರೆ ಉಟ್ಟು, ತಲೆಗೆ ಸೆರಗು ಹೊದ್ದ ವಯಸ್ಸಾದ ಅಮ್ಮ ಒಬ್ಬರು ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಗಂಡ ಸತ್ತು ನಲವತ್ತು ವರ್ಷದಿಂದ ಮಡಿಯಲ್ಲಿದ್ದರೆಂದು ಆಮೇಲೆ ತಿಳಿಯಿತು.

"ಎಂತ ಬೇಕು ನಿಂಗಕ್ಕೆ? ಉದ್ದದ ಗಳನಾ?" ಎಂದು ಕೇಳಿದರು. ನಾನು ಹೌದೆಂದೆ. "ಎಂಗಳ ಕೊಟ್ಟಿಗೆ ಹಿಂದೆ ಬಿದಿರು ರಾಶಿ ಬಿದ್ದಿದ್ದು. ತಗಂಡು ಹೋಗಿ. ಕತ್ತಿಯೂ ಕೊಡ್ತೆ. ಕೈ ಕೊಯ್ಕಳಡಿ ಮತ್ತೆ."

ಹುಡುಗಿಯರು ಬಿದಿರನ್ನು ಹೊತ್ತು ತಂದರು. ಅದನ್ನೇ ಕತ್ತರಿಸಿ ಗೂಟಗಳನ್ನು ಮಾಡಿದೆವು. ಮೊದಲನೆಯ ಡೇರೆಯನ್ನು ನಾನೇ ಮುಂದೆ ನಿಂತು ನನಗೆ ಕಲಿಸಿದ ಕ್ರಮದಲ್ಲೇ ಎಬ್ಬಿಸಿದೆ. ಬೆಟ್ಟದ ಕಡೆಯಿಂದ ಸಣ್ಣ ಗಾಳಿ ಬಂತು. ಗೂಟಗಳು ಒಂದೊಂದಾಗಿ ಕಿತ್ತು ಡೇರೆ ಆರು ಹುಡುಗಿಯರ ಮೇಲೆ ಮಲಗಿತು. ಆ ಬಯಲಿನಲ್ಲಿ ಮೇಲೆ ಹುಲ್ಲು, ನಾಲ್ಕು ಬೆರಳು ಕೆಳಗೆ ಕೆಂಪು ಕಲ್ಲು. ಗೂಟ ಇಳಿಯುತ್ತಲೇ ಇರಲಿಲ್ಲ. ಅಷ್ಟೊತ್ತಿಗೆ ಪೇಟೆಯಿಂದ ಮೂವತ್ತು ನಲವತ್ತು ಜನ ಬಂದು ನೋಡುತ್ತ ನಿಂತಿದ್ದರು. ಯಾರೋ ನಕ್ಕರು. ಮೂರೂವರೆ ಆಗಿತ್ತು.

ನಮ್ಮಲ್ಲಿ ಬನವಾಸಿ ಕಡೆಯ ರೈತರ ಮನೆಯ ಹುಡುಗಿಯೊಬ್ಬಳಿದ್ದಳು. ಹಾವೇರಿಯಲ್ಲಿ ಸೋದರಮಾವನ ಮನೆಯಲ್ಲಿದ್ದು ಓದುತ್ತಿದ್ದಳು. ತರಗತಿಯಲ್ಲಿ ಕೊನೆಯ ಸಾಲು, ಕೇಳಿದರೂ ಬಾಯಿ ಬಿಡುತ್ತಿರಲಿಲ್ಲ. ಅವಳು ಡೇರೆಯ ಬಟ್ಟೆಯ ಕೆಳಗಿನಿಂದ ತಲೆ ಹೊರಹಾಕಿ, ಕೂದಲು ಸರಿ ಮಾಡಿಕೊಂಡು ನನ್ನ ಹತ್ತಿರ ಬಂದಳು.

"ಅಕ್ಕೋರ, ಇದು ನಮ್ಮ ಹಂದರ ಇದ್ದಂಗ ಐತ್ರಿ. ನಮ್ಮೂರಾಗ ಕಲ್ಲು ನೆಲದ ಮ್ಯಾಲೆ ಹಂದರ ಹಾಕುವಾಗ ಗೂಟ ಹೊಡ್ಯಂಗಿಲ್ರಿ. ಹಗ್ಗಕ್ಕ ಕಲ್ಲು ಕಟ್ತಾರ."

"ನೀ ಕಟ್ಟೀಯೇನು?"

"ಅಪ್ಪನ ಕೂಡ ಕಟ್ಟೇನ್ರಿ."

ಶಾಲೆಯ ಹೊಸ ಗೋಡೆಗಾಗಿ ತಂದ ಕೆಂಪು ಚಿರೆಕಲ್ಲುಗಳು ಬಯಲಿನ ತುದಿಯಲ್ಲಿ ಒಟ್ಟಿದ್ದವು. ನಾನು ಹೆಡ್‌ಮಾಸ್ತರರ ಮುಖ ನೋಡಿದೆ. ಅವರು ಕಲ್ಲಿನ ರಾಶಿ ನೋಡಿದರು, ಜನರನ್ನು ನೋಡಿದರು, ಆಮೇಲೆ ಕೋಟು ಬಿಚ್ಚಿ ಶಾಲೆಯ ಕಿಟಕಿಗೆ ನೇತುಹಾಕಿದರು.

"ಒಡೀದೆ ಇದ್ದರೆ ಸಾಕು," ಎಂದು ಹೇಳಿ ಮೊದಲ ಕಲ್ಲನ್ನು ತಾವೇ ಎತ್ತಿದರು.

ಅಲ್ಲಿಂದ ಮುಂದೆ ಅಪ್ಪಣೆ ಕೊಟ್ಟವಳು ಆ ಹುಡುಗಿ. ನಾನೂ ಅವಳು ಹೇಳಿದ್ದನ್ನು ಮಾಡಿದೆ. ಎರಡು ಬಿದಿರನ್ನು ತುದಿಯಲ್ಲಿ ಕತ್ತರಿಯಂತೆ ಜೋಡಿಸಿ ಬಿಗಿದಳು. ಅಂಥ ಎರಡು ಜೋಡಿಗಳ ಮೇಲೆ ಒಂದು ಉದ್ದದ ಗಳ ಹಾಯಿಸಿದಳು. ಕತ್ತರಿ ಕಾಲುಗಳು ತಮ್ಮಷ್ಟಕ್ಕೆ ನಿಂತವು, ನೆಲ ಅಗೆಯುವ ಮಾತೇ ಬರಲಿಲ್ಲ. ಬಟ್ಟೆ ಹೊದಿಸಿ, ಹಗ್ಗ ಎಳೆದು, ಒಂದೊಂದು ಹಗ್ಗಕ್ಕೂ ಎರಡೆರಡು ಚಿರೆಕಲ್ಲು. "ಇನ್ನಷ್ಟ ಜಗ್ಗ್ರಿ, ಇನ್ನಷ್ಟ," ಎನ್ನುತ್ತಿದ್ದ ಅವಳ ದನಿಯನ್ನು ಅಷ್ಟು ದೊಡ್ಡದಾಗಿ ನಾವು ಯಾರೂ ಕೇಳಿರಲಿಲ್ಲ. ಮೊದಲನೆಯದು ನಿಲ್ಲಲು ಅರ್ಧ ಗಂಟೆ ಹಿಡಿಯಿತು. ಎರಡನೆಯದಕ್ಕೆ ಅದರ ಅರ್ಧ. ಮೂರನೆಯದರ ಕೊನೆಯ ಹಗ್ಗಕ್ಕೆ ಕಲ್ಲು ಕಟ್ಟುತ್ತಿರುವಾಗ ಗಾಳಿ ಮತ್ತೆ ಬಂತು. ಎಲ್ಲರೂ ಕೈ ಬಿಟ್ಟು ನಿಂತೆವು. ಬಟ್ಟೆ ಉಬ್ಬಿತು, ಬಿದಿರು ಕಿರುಗುಟ್ಟಿತು. ಮೂರೂ ಡೇರೆ ಅಲ್ಲಾಡದೆ ನಿಂತಿದ್ದವು.

ಐದಕ್ಕೆ ಹತ್ತು ನಿಮಿಷ ಇರುವಾಗ ಬಸ್ಸು ಬಯಲಿನ ಎದುರಿಗೆ ಬಂದು ನಿಂತು ಹಾರ್ನ್ ಹಾಕಿತು. ಹೆಡ್‌ಮಾಸ್ತರರು ಮೊದಲೇ ಹೇಳಿ ಕಳಿಸಿದ್ದರಂತೆ. ಕಂಡಕ್ಟರ್ ಬಾಗಿಲಿನಿಂದ ಬಗ್ಗಿ, "ಹಾವೇರಿ ಅಕ್ಕೋರು ಬರೋದುಂಟೋ?" ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಹೆಡ್‌ಮಾಸ್ತರರು ಮಣ್ಣಾದ ಕೈಯೆತ್ತಿ, "ನೀ ಹೋಗು ಮಾರಾಯ, ಅವರಿಗೆ ಮನೆ ಆಯ್ತು," ಎಂದರು. ಬಸ್ಸು ಹೊರಟಿತು. ಹುಡುಗಿಯರು ಚಪ್ಪಾಳೆ ತಟ್ಟಿದರು. ನಗಲು ಬಂದಿದ್ದ ಜನರೂ ತಟ್ಟಿದರು. ನಾನು ಒಂದು ಚಿರೆಕಲ್ಲಿನ ಮೇಲೆ ಕುಳಿತುಬಿಟ್ಟೆ. ಸಂತೋಷ ತಡೆಯಲಾಗುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ನಾವು ಕಲ್ಲಿನ ಒಲೆಯ ಮೇಲೆ ಉಪ್ಪಿಟ್ಟು ಕಲಕುತ್ತಿರುವಾಗ ಬಿದಿರು ಕೊಟ್ಟ ಅಮ್ಮ ಬಂದರು. ಕೈಯಲ್ಲಿ ಒಂದು ತಂಬಿಗೆ ಮಜ್ಜಿಗೆ. ಮೂರು ಡೇರೆಗಳನ್ನೂ ಸುತ್ತು ಹಾಕಿ ನೋಡಿದರು. ಒಂದರ ಒಳಗೆ ಬಗ್ಗಿ ಇಣುಕಿದರು.

"ರಾತ್ರೆ ಹೆದರಿಕೆ ಆಗಿದ್ದಿಲ್ಯ ಕೂಸೆ?" ಎಂದು ಹತ್ತಿರದಲ್ಲಿದ್ದ ಹುಡುಗಿಯನ್ನು ಕೇಳಿದರು.

"ಇಲ್ರಿ ಅಮ್ಮಾರ. ಚಲೋ ನಿದ್ದಿ ಬಂತ್ರಿ."

ಅವರು ನನ್ನ ಕಡೆ ತಿರುಗಿ ದನಿ ತಗ್ಗಿಸಿದರು.

"ಆನು ಹುಟ್ಟಿದ ಮೇಲೆ ಮನೆ ಮಾಡಿನ ಅಡಿಗಲ್ಲದೇ ಬೇರೆ ಎಲ್ಲೂ ಮಲಗಿದ್ದಿಲ್ಲೆ. ಒಂದು ಗಳಿಗೆ ಮಲಗಿ ನೋಡ್ಲಾ?"

"ಬರ್ರಿ ಅಮ್ಮಾರ," ಎಂದೆ. ಅವರ ಮಡಿಯ ನೆನಪಾಗಿ, "ಆದ್ರ ಹಾಸಿಗಿ ಎಲ್ಲಾರೂ ಮುಟ್ಟಿದ್ದು..." ಎಂದು ಅನುಮಾನಿಸಿದೆ.

"ಮಿಂದರೆ ಆತು," ಎಂದರು.

ಹುಡುಗಿಯರು ಜಮಖಾನೆ ಕೊಡವಿ ಹಾಸಿದರು. ಅವರು ಒಳಗೆ ಹೋಗಿ, ಕಾಲು ಚಾಚಿ, ಎದೆಯ ಮೇಲೆ ಕೈ ಇಟ್ಟುಕೊಂಡು ಮಲಗಿದರು. ಬಿಸಿಲು ಬಟ್ಟೆಯ ಮೂಲಕ ಹಳದಿಯಾಗಿ ಅವರ ಮುಖದ ಮೇಲೆ ಬೀಳುತ್ತಿತ್ತು. ಹುಡುಗಿಯರು ಪಿಸುಮಾತು ನಿಲ್ಲಿಸಿದರು. ಅಮ್ಮನಿಗೆ ನಿಜಕ್ಕೂ ನಿದ್ದೆ ಹತ್ತಿತು. ನಾವು ಉಪ್ಪಿಟ್ಟು ತಿಂದು ಪಾತ್ರೆ ತೊಳೆದು ಮುಗಿಯುವವರೆಗೂ ಮಲಗಿದ್ದರು. ಎದ್ದು ಹೊರಗೆ ಬಂದಾಗ ಮನೆಯ ಸೊಸೆ ಬೇಲಿಯ ಹತ್ತಿರ ಬಾಯಿ ತೆರೆದುಕೊಂಡು ನಿಂತಿದ್ದಳು. "ಎಂತ ನೋಡ್ತೆ? ನೀನೂ ಬಾ, ಮಲಗು," ಎಂದು ಅವಳಿಗೆ ಹೇಳಿ, ನಡೆದು ಮನೆಗೆ ಹೋದರು.

ಅದರ ನಂತರ ಪೇಟೆಯ ಹೆಂಗಸರಿಗೆ ದಾರಿ ತೆರೆದಂತಾಯಿತು. ಮಧ್ಯಾಹ್ನದವರೆಗೆ ಒಬ್ಬರಾದ ಮೇಲೆ ಒಬ್ಬರು ಬಂದು ಡೇರೆಯೊಳಗೆ ಕುಳಿತು ಹೋದರು. ಸಂಜೆ ಹೆಡ್‌ಮಾಸ್ತರರು ತಮ್ಮ ಶಾಲೆಯ ಹುಡುಗಿಯರನ್ನು ಕರೆತಂದರು. ಬನವಾಸಿ ಕಡೆಯವಳು ಒಂದು ಡೇರೆಯನ್ನು ಪೂರ್ತಿ ಬಿಚ್ಚಿ, ಕೈಕಟ್ಟಿ ನಿಂತು, ಅವರಿಂದಲೇ ಮತ್ತೆ ಕಟ್ಟಿಸಿದಳು.

ಮೂರನೆಯ ದಿನ ಬಿಸಿಲೇರುವ ಮೊದಲೇ ಹೊರಟೆವು. ಡೇರೆಗಳು ಜೋಗಕ್ಕೆ ಹೋಗುವ ಗಾಡಿಯೊಂದರಲ್ಲಿ ಹೋದವು. ಹದಿಮೂರು ಮೈಲಿ ಎಂದಿದ್ದರು. ಇಬ್ಬರ ಚಪ್ಪಲಿ ಹರಿದವು, ಒಬ್ಬಳ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತು, ಆದರೆ ಯಾರೂ ಗಾಡಿ ಹತ್ತುತ್ತೇನೆಂದು ಹೇಳಲಿಲ್ಲ. ಮಧ್ಯಾಹ್ನ ಒಂದು ತಿರುವಿನಲ್ಲಿ ನೀರಿನ ಸದ್ದು ಕೇಳಿಸಿತು. ಹುಡುಗಿಯರು ಓಡತೊಡಗಿದರು. ನಾನೂ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಓಡಿದೆ. ಕಣಿವೆಯ ಅಂಚಿನಲ್ಲಿ ಹದಿನೆಂಟು ಜನ ಒಬ್ಬರ ಕೈ ಒಬ್ಬರು ಹಿಡಿದು ಸಾಲಾಗಿ ನಿಂತು ನೀರು ಬೀಳುವುದನ್ನು ನೋಡಿದರು. ಅಲ್ಲಿ ಕಾರಿನಲ್ಲಿ ಬಂದಿದ್ದ ದಂಪತಿಗಳು ನಮ್ಮ ಧೂಳು ಹಿಡಿದ ಕಾಲುಗಳನ್ನು ನೋಡಿ, ಯಾವ ಬಸ್ಸಿಗೆ ಬಂದಿರೆಂದು ಕೇಳಿದರು.

"ಬಸ್ಸಲ್ರಿ," ಎಂದು ಹದಿನೆಂಟು ಬಾಯಿಗಳೂ ಒಟ್ಟಿಗೇ ಹೇಳಿದವು. "ನಡಕೊಂಡು ಬಂದೀವಿ."