ಹೆಡ್ಮಾಸ್ಟರ ಹೊಲದ ವ್ಯಾಜ್ಯ

ಹೋದ ವಾರ ಸೊಸೆಯ ಜೊತೆ ಚಿಂತಾಮಣಿಗೆ ಹೊರಟಿದ್ದೆ. ಬಸ್ಸು ಶಿಡ್ಲಘಟ್ಟ ಮುಟ್ಟುತ್ತಿದ್ದ ಹಾಗೇ ರೇಷ್ಮೆಗೂಡು ಬೇಯಿಸುವ ವಾಸನೆ ಕಿಟಕಿಯಿಂದ ನುಗ್ಗಿತು. ಮುಂದಿನ ಸೀಟಿನವರು ಮೂಗಿಗೆ ಕರವಸ್ತ್ರ ಒತ್ತಿಕೊಂಡರು. ನಾನು ಮಾತ್ರ ಎದೆತುಂಬ ಉಸಿರೆಳೆದುಕೊಂಡು, "ಆಹಾ, ಇಂಗ್ಲೆಂಡಿನ ಇತಿಹಾಸ!" ಎಂದೆ. ವಯಸ್ಸಾದವರು ಹೀಗೆಲ್ಲ ಮಾತಾಡಿದರೆ ಮನೆಯವರಿಗೆ ಗಾಬರಿಯಾಗುವುದು ಸಹಜ. "ಯಾಕ್ ಮಾವ, ತಲೆ ಸುತ್ತುತ್ತಾ?" ಎಂದು ಸೊಸೆ ನೀರಿನ ಬಾಟಲಿ ತೆಗೆದಳು.

ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಬಸ್ಸು ಹೇಗೂ ನಿಧಾನ, ನಿಮಗೂ ಅವಸರವಿಲ್ಲ ಎಂದುಕೊಂಡಿದ್ದೇನೆ.

ಅರವತ್ತರ ದಶಕದ ಮೊದಲ ವರ್ಷಗಳು. ನಾನು ಶಿಡ್ಲಘಟ್ಟದ ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟ್ರಾಗಿದ್ದೆ. ಇಂಟರ್‌ಮೀಡಿಯೆಟ್ ಮುಗಿಸಿ ಕೆಲಸಕ್ಕೆ ಸೇರಿದವನು. ಮದುವೆಯಾಗಿ ಎರಡು ಮಕ್ಕಳಾದ ಮೇಲೆ ಬಿ.ಎ. ಮಾಡಬೇಕೆಂಬ ಹುಚ್ಚು ಹತ್ತಿತು. ಕೆಲಸದಲ್ಲಿರುವ ಮೇಷ್ಟ್ರುಗಳು ಕಾಲೇಜಿಗೆ ಹೋಗದೆ, ತಾವೇ ಓದಿಕೊಂಡು ಪರೀಕ್ಷೆಗೆ ಕೂರುವ ಅವಕಾಶ ಆಗ ಇತ್ತು. ಆದರೆ ಓದುವುದಕ್ಕಿಂತ ದೊಡ್ಡ ಕಷ್ಟ, ಓದುತ್ತಿರುವುದನ್ನು ಬಚ್ಚಿಡುವುದು. ನನಗಿಂತ ಮೊದಲು ಒಬ್ಬ ಮೇಷ್ಟ್ರು ಊರಿಗೆಲ್ಲ ಸಾರಿ ಪರೀಕ್ಷೆಗೆ ಕೂತು, ಸಾಲಾಗಿ ಫೇಲಾಗಿ, ಕೊನೆಗೆ ಸಂತೆಯಲ್ಲಿ ಸೊಪ್ಪು ಮಾರುವವಳೂ "ಬಾರಪ್ಪ ಬೀಯೇ ಮೇಷ್ಟ್ರೇ" ಎಂದು ಕರೆಯುವ ಹಾಗಾಗಿತ್ತು. ಆ ಬಿರುದು ನನಗೆ ಬೇಡವಾಗಿತ್ತು.

ಮನೆಯಲ್ಲಿ ಓದಲು ಜಾಗವಿರಲಿಲ್ಲ. ಗೂಡಿನಿಂದ ರೇಷ್ಮೆ ನೂಲು ಬಿಚ್ಚುವ ಕಾರ್ಖಾನೆ ಇಟ್ಟುಕೊಂಡಿದ್ದ ಬಾಷಾ ಸಾಬರು ತಮ್ಮ ಷೆಡ್ಡಿನ ಹಿಂದಿನ ಕೋಣೆ ಬಿಟ್ಟುಕೊಟ್ಟರು. ಗೋಡೆಯ ಆ ಕಡೆ ಕುದಿಯುವ ನೀರಿನಲ್ಲಿ ಗೂಡು ಬೇಯುತ್ತಿತ್ತು, ಈ ಕಡೆ ಇಂಗ್ಲೆಂಡಿನ ರಾಜರು ಒಬ್ಬರ ತಲೆ ಒಬ್ಬರು ಕಡಿಯುತ್ತಿದ್ದರು. ಆ ವಾಸನೆಯಲ್ಲಿ ಮೂರು ಸಂಜೆ ಕಳೆದ ಮೇಲೆ ಅದು ನನಗೆ ಗೊತ್ತಾಗದೇ ಹೋಯಿತು. ಮನೆಗೆ ಬಂದಾಗ ಹೆಂಡತಿಗೆ ಮಾತ್ರ ಗೊತ್ತಾಗುತ್ತಿತ್ತು. ಎರಡು ಚೊಂಬು ನೀರು ಸುರಿದುಕೊಳ್ಳದೆ ಒಳಗೆ ಬಿಡುತ್ತಿರಲಿಲ್ಲ.

ಊರಿನವರಿಗಿಂತ ನಾನು ಹೆದರುತ್ತಿದ್ದದ್ದು ನಮ್ಮ ಹೆಡ್ಮಾಸ್ಟ್ರು ಅಶ್ವತ್ಥಪ್ಪನವರಿಗೆ. ವಿದುರಾಶ್ವತ್ಥದ ಕಡೆಯವರು, ಐವತ್ತರ ಹತ್ತಿರ ವಯಸ್ಸು. ಬಿಳಿ ಪೇಟ, ಕತ್ತಿನವರೆಗೆ ಗುಂಡಿ ಹಾಕಿದ ಕರಿ ಕೋಟು. ಅವರೊಮ್ಮೆ ಕೆಮ್ಮಿದರೆ ಇಡೀ ಶಾಲೆ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿತ್ತು. ಅಕ್ಷರ ಅಂದರೆ ಅವರಿಗೆ ಪ್ರಾಣ. ಕಾಪಿ ಪುಸ್ತಕದಲ್ಲಿ ಕೊಂಬು ಸೊಟ್ಟಗಾದರೆ ಹುಡುಗರ ಬೆರಳಿನ ಗೆಣ್ಣಿಗೆ ರೂಲುಕಡ್ಡಿ ಬೀಳುತ್ತಿತ್ತು. ಡಿಗ್ರಿ ವಿಷಯ ಬಂದಾಗ, "ಪಾಠ ಮಾಡಕ್ಕೆ ಬಂದ್ರೆ ಸಾಲದೇನಯ್ಯಾ? ಹೆಸರಿಗೆ ಬಾಲ ಬೇರೆ ಯಾಕೆ?" ಎಂದು ಬಾಯಿ ಮುಚ್ಚಿಸಿಬಿಡುತ್ತಿದ್ದರು.

ಅವರಿಗಿದ್ದ ಕಷ್ಟವೆಂದರೆ ಒಂದೇ, ಊರಿನ ಹೊಲದ ವ್ಯಾಜ್ಯ. ವರ್ಷ ವರ್ಷ ಬೇಸಿಗೆ ಕಾಲಿಡುವಾಗ ಗೌರಿಬಿದನೂರಿನ ಕೋರ್ಟಿಗೆ ಹೋಗಬೇಕಾಗುತ್ತಿತ್ತು. ವಾಪಸು ಬಂದಾಗ ಮುಖ ಸಪ್ಪಗಿರುತ್ತಿತ್ತು. "ಏನಾಯ್ತು ಸಾರ್?" ಎಂದರೆ, "ಮುಂದಿನ ವರ್ಷಕ್ಕೆ ವಾಯಿದೆ ಹಾಕಿದ್ರು" ಎನ್ನುತ್ತಿದ್ದರು. ನಾವು ಮೇಷ್ಟ್ರುಗಳೆಲ್ಲ ಸೇರಿ ಆ ಕಾಣದ ದಾಯಾದಿಗಳಿಗೆ ಎಷ್ಟು ಶಾಪ ಹಾಕಿದ್ದೇವೋ ಲೆಕ್ಕವಿಲ್ಲ.

ನನ್ನ ಪರೀಕ್ಷೆಯ ದಿನ ಹತ್ತಿರ ಬಂತು. ಪರೀಕ್ಷೆಗೆ ಕೂರಲು ಬೇಕಾದ ಇಲಾಖೆಯ ಅನುಮತಿ ಪತ್ರವನ್ನು ಚಿಕ್ಕಬಳ್ಳಾಪುರದ ಕಚೇರಿಯಲ್ಲಿದ್ದ ಗುರುತಿನ ಗುಮಾಸ್ತನನ್ನು ಹಿಡಿದು ಸದ್ದಿಲ್ಲದೆ ಪಡೆದಿದ್ದೆ. ರಜಕ್ಕೆ ಮಾತ್ರ ಹೆಡ್ಮಾಸ್ಟರ ಮುಂದೆ ನಿಲ್ಲಲೇಬೇಕು.

"ಚಿಂತಾಮಣೀಲಿ ನಮ್ಮ ಸೋದರತ್ತೆಗೆ ತುಂಬ ಸೀರಿಯಸ್ಸು ಸಾರ್," ಎಂದೆ. ನನಗೆ ಸೋದರತ್ತೆಯೇ ಇರಲಿಲ್ಲ.

ಅವರು ತಲೆ ಎತ್ತದೆ ರುಜು ಹಾಕಿದರು. "ಹೋಗ್ಬಾ. ನಾನೂ ಇರಲ್ಲ. ಕೇಸು ಬಂದೈತೆ," ಎಂದರು.

ಚಿಂತಾಮಣಿಗೆಂದು ಹೇಳಿದವನು ಶಿಡ್ಲಘಟ್ಟದ ಸ್ಟೇಷನ್ನಿನಲ್ಲಿ ಎದುರು ದಿಕ್ಕಿಗೆ, ಬೆಂಗಳೂರಿನ ಕಡೆಗೆ ಹೋಗುವ ರೈಲು ಹತ್ತುವ ಹಾಗಿರಲಿಲ್ಲ. ಬಸ್ಸಿನಲ್ಲಿ ಚಿಕ್ಕಬಳ್ಳಾಪುರಕ್ಕೆ ಹೋಗಿ, ಅಲ್ಲಿ ಆಗಿದ್ದ ಸಣ್ಣ ಹಳಿಯ ಪುಟ್ಟ ರೈಲು ಹಿಡಿದು, ಕಳ್ಳನ ಹಾಗೆ ಟವೆಲು ಹೊದ್ದು ಬೆಂಗಳೂರು ಸೇರಿದೆ.

ಮೊದಲ ದಿನ ಇಂಗ್ಲಿಷ್. ಹಾಲಿನಲ್ಲಿ ನನ್ನ ಮುಂದಿನ ಬೆಂಚಿನಲ್ಲಿ ಒಂದು ಬೋಳು ತಲೆ. ಪಾಪ, ನನಗಿಂತ ಹಿರಿಯರೂ ಇದ್ದಾರಲ್ಲ ಎಂದು ಸಮಾಧಾನವಾಯಿತು. ಪ್ರಶ್ನೆಪತ್ರಿಕೆ ಕೊಟ್ಟರು. ಬೋಳು ತಲೆ ಒಮ್ಮೆ ಕೆಮ್ಮಿತು.

ನನ್ನ ಬೆನ್ನು ತಾನಾಗಿಯೇ ನೆಟ್ಟಗಾಯಿತು.

ಪೇಟವಿಲ್ಲದ ಅಶ್ವತ್ಥಪ್ಪನವರನ್ನು ನಾನು ಅದುವರೆಗೆ ನೋಡಿಯೇ ಇರಲಿಲ್ಲ. ಸೆಖೆಗೆ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡಿದ್ದರು. ಆ ಮೂರು ಗಂಟೆ ನಾನು ಏನು ಬರೆದೆನೋ ದೇವರಿಗೇ ಗೊತ್ತು. ಗಂಟೆ ಹೊಡೆದ ಮೇಲೆ ಅವರು ಎದ್ದು ತಿರುಗಿದರು. ನನ್ನನ್ನು ನೋಡಿದರು. ಮೊದಲು ಮಾಡಿದ ಕೆಲಸ, ಪೇಟ ಎತ್ತಿ ತಲೆಗಿಟ್ಟುಕೊಂಡದ್ದು. ಇಬ್ಬರೂ ಹೊರಗೆ ಬಂದು ಒಂದು ಮರದ ಕೆಳಗೆ ನಿಂತೆವು.

ಅವರೇ ಮೊದಲು ಗಂಭೀರವಾಗಿ ಕೇಳಿದರು: "ನಿಮ್ಮತ್ತೆ ಹೆಂಗವ್ರೆ?"

"ಪರವಾಗಿಲ್ಲ ಸಾರ್," ಎಂದೆ. ನಾಲಿಗೆ ಸುಮ್ಮನಿರಲಿಲ್ಲ. "ಕೋರ್ಟಲ್ಲಿ ಏನಾಯ್ತು ಸಾರ್?"

ಅವರು ಮೀಸೆಯ ಮೇಲೆ ಕೈಯಾಡಿಸಿಕೊಂಡರು. "ವಾಯಿದೆ ಬೀಳೋ ಹಂಗೇ ಕಾಣ್ತದೆ ಕಣಯ್ಯಾ," ಎಂದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ನಗುವುದನ್ನೂ ನಾನು ಅದೇ ಮೊದಲು ಕಂಡದ್ದು.

ಛತ್ರದಲ್ಲಿ ಒಟ್ಟಿಗೇ ಉಳಿದೆವು. ಕೇಸೂ ಇಲ್ಲ, ದಾಯಾದಿಯೂ ಇಲ್ಲ, ಅಷ್ಟು ವರ್ಷದ ವ್ಯಾಜ್ಯವೆಲ್ಲ ಬಿ.ಎ. ಪರೀಕ್ಷೆ! ಉಳಿದ ವಿಷಯಗಳನ್ನು ಒಂದೊಂದಾಗಿ ಮುಗಿಸಿದ್ದರು, ಇಂಗ್ಲಿಷ್ ಮಾತ್ರ ದಾಟಲಾಗಿರಲಿಲ್ಲ. ಇಬ್ಬರ ಅನುಮತಿಗೂ ಓಡಾಡಿದವನು ಚಿಕ್ಕಬಳ್ಳಾಪುರದ ಅದೇ ಗುಮಾಸ್ತ. ಮಹಾರಾಯ ಒಂದು ಮಾತು ಬಾಯಿ ಬಿಟ್ಟಿರಲಿಲ್ಲ.

"ಬಾಲ ಯಾಕೆ ಅಂತಿದ್ರಲ್ಲ ಸಾರ್?" ಎಂದು ಕೇಳಿದೆ.

"ಸಿಗದೇ ಇದ್ದೋನು ಇನ್ನೇನು ಅಂದಾನು?" ಎಂದರು. "ಚಿಕ್ಕ ವಯಸ್ಸಲ್ಲಿ ಕಾಲೇಜು ಸೇರಿದ್ದೆ ಕಣಪ್ಪ. ನಮ್ಮಪ್ಪ ತೀರ್ಕೊಂಡ್ರು, ವಾಪಸ್ ಬಂದ್ಬಿಟ್ಟೆ. ಅರ್ಧ ಉಂಡು ಎದ್ದೋನಿಗೆ ಆಮೇಲೆ ಎಷ್ಟು ತಿಂದ್ರೂ ಹಸಿವು ಹೋಗಲ್ಲ." ಇನ್ನೊಂದು ಮಾತೂ ಸೇರಿಸಿದರು. "ನಮ್ ಸ್ಕೂಲು ಹೈಸ್ಕೂಲಾಗ್ತದಂತೆ. ಡಿಗ್ರಿ ಇಲ್ದೋರನ್ನ ಕೆಳಗಿನ ಕ್ಲಾಸಿಗೆ ಇಳಿಸ್ತಾರಂತೆ. ನಾನು ಕಟ್ಟಿದ ಸ್ಕೂಲಲ್ಲಿ ನಾನೇ ಹಿಂದಕ್ಕೆ ಸರೀಬೇಕು."

ರಜ ಮುಗಿದು ಶಾಲೆ ಮತ್ತೆ ಶುರುವಾದಾಗ ದಿನಪತ್ರಿಕೆಯಲ್ಲಿ ಪಾಸಾದವರ ನಂಬರುಗಳು ಬಂದವು. ಬೆಳಗಿನ ಪ್ರಾರ್ಥನೆಗೆ ಹುಡುಗರು ಸಾಲಾಗಿ ನಿಂತಿದ್ದರು. ಹೆಡ್ಮಾಸ್ಟ್ರು ಕಂಕುಳಲ್ಲಿ ಪತ್ರಿಕೆ ಹಿಡಿದು ಮೆಟ್ಟಿಲ ಮೇಲೆ ಬಂದು ನಿಂತರು. ಕೆಮ್ಮಿದರು. ನನ್ನ ಹೆಸರು ಕರೆದು, "ನಮ್ ಮೇಷ್ಟ್ರು ಬಿ.ಎ. ಪಾಸು ಮಾಡವ್ರೆ! ಹಗಲು ನಿಮಗೆ ಪಾಠ ಮಾಡಿ, ಸಂಜೆ ತಾವು ಓದಿ ಪಾಸಾಗವ್ರೆ. ಹೊಡೀರೋ ಚಪ್ಪಾಳೆ!" ಎಂದರು. ಹುಡುಗರು ಹೊಡೆದ ಚಪ್ಪಾಳೆಗೆ ಮರದ ಮೇಲಿನ ಕಾಗೆಗಳೆಲ್ಲ ಎದ್ದು ಹಾರಿದವು. ನಾನು ಅವರ ಮುಖ ನೋಡಿದೆ. ಅವರು ಸಣ್ಣಗೆ ತಲೆ ಆಡಿಸಿದರು. ಅವರ ನಂಬರು ಇರಲಿಲ್ಲ.

ಅದೇ ಸಂಜೆ ಅವರನ್ನು ಬಾಷಾ ಸಾಬರ ಕೋಣೆಗೆ ಕರೆದುಕೊಂಡು ಹೋದೆ. ಹೊಸ್ತಿಲಲ್ಲಿ ನಿಂತು ಅವರೇ ಕರಾರು ಮಾಡಿದರು. "ಈ ಬಾಗಿಲಿಂದ ಒಳಕ್ಕೆ ನೀನು ಮೇಷ್ಟ್ರು, ಆಚೆಗೆ ನಾನು." ಬಾಷಾ ಸಾಬರು ಇಣುಕಿ ನೋಡಿ, "ಅರೆ, ಇಬ್ರೂ ಮೇಷ್ಟ್ರೇ. ಮತ್ತೆ ಹುಡುಗ ಯಾರು ಸಾಮಿ?" ಎಂದರು. "ನಾನೇ ಕಣಯ್ಯಾ," ಎಂದು ಹೆಡ್ಮಾಸ್ಟ್ರು ಚಾಪೆಯ ಮೇಲೆ ಕೂತರು.

ಮೊದಲ ವಾರದಲ್ಲೇ ನನಗೆ ಅಚ್ಚರಿ ಕಾದಿತ್ತು. ಅವರ ಇಂಗ್ಲಿಷ್ ನನ್ನದಕ್ಕಿಂತ ಚೆನ್ನಾಗಿತ್ತು! ಮತ್ತೆ ಫೇಲಾಗುವುದೇಕೆ? ಒಂದು ಪ್ರಬಂಧ ಬರೆಯಲು ಕೊಟ್ಟು ಪಕ್ಕದಲ್ಲೇ ಕೂತು ನೋಡಿದೆ. ಒಂದೊಂದು ಅಕ್ಷರವನ್ನೂ ರಂಗೋಲಿ ಎಳೆದ ಹಾಗೆ ಎಳೆಯುತ್ತಿದ್ದರು. ದಪ್ಪ ಗೆರೆಗೆ ದಪ್ಪ, ತೆಳುವಿಗೆ ತೆಳು. ಬಾಷಾ ಸಾಬರ ಒಲೆಯಲ್ಲಿ ಒಂದು ಬಾಣಲೆ ಗೂಡು ಬೆಂದು ನೂಲಾದರೂ ಇವರದು ಒಂದು ಪುಟ ಮುಗಿದಿರಲಿಲ್ಲ. ಪರೀಕ್ಷೆಯಲ್ಲೂ ಇದೇ ಕಥೆ. ಅರ್ಧ ಪ್ರಶ್ನೆ ಮುಟ್ಟುವ ಮೊದಲೇ ಗಂಟೆ ಹೊಡೆದುಬಿಡುತ್ತಿತ್ತು.

"ಸಾರ್, ನೀವು ಅಕ್ಷರ ಕೆಡಿಸ್ಕೋಬೇಕು," ಎಂದೆ.

ಕೊಲೆ ಮಾಡಲು ಹೇಳಿದ ಹಾಗೆ ನೋಡಿದರು. "ಏಮಯ್ಯಾ, ತಮಾಷೆನಾ?"

ಅಲ್ಲಿಂದ ಆ ವರ್ಷವಿಡೀ ನಾನು ಮಾಡಿದ ಪಾಠ ಅದೊಂದೇ. "ಗೀಚಿ ಸಾರ್, ಗೀಚಿ! ಅಂದ ನೋಡ್ಬೇಡಿ, ಓಡ್ಲಿ!" ಎಂದು ನಾನು ಕೂಗುವುದು, "ನನ್ ಕೈ ಹಾಳು ಮಾಡಿದೆ ಕಣೋ, ನಿನಗೆ ಒಳ್ಳೇದಾಗಲ್ಲ," ಎಂದು ಅವರು ಗೊಣಗುತ್ತ ಗೀಚುವುದು. ಎಷ್ಟೋ ಬೆರಳುಗಳಿಗೆ ರೂಲುಕಡ್ಡಿ ಕೊಟ್ಟವರು ಈಗ ತಮ್ಮದೇ ಸೊಟ್ಟ ಸಾಲುಗಳನ್ನು ಕಂಡು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಆ ವರ್ಷ ಶಾಲೆಯಲ್ಲಿ ಹುಡುಗರಿಗೆ ಏಟು ಕಡಿಮೆಯಾಯಿತು. ಕಾರಣ ನನಗೂ ಅವರಿಗೂ ಮಾತ್ರ ಗೊತ್ತಿತ್ತು.

ಮರು ವರ್ಷ ಪಾಸಾದರು. ಅವರ ಹೆಂಡತಿ ಲಕ್ಷ್ಮಮ್ಮನವರು ನನಗೆ ಒಬ್ಬಟ್ಟು ಬಡಿಸುತ್ತ, "ವರ್ಷ ವರ್ಷ ಕೋರ್ಟು ಅಂತ ಹೋಗೋರು. ಇರೋ ಹೊಲದ ಮೇಲೆ ಕೇಸಿಲ್ಲ ಅಂತ ನನಗೆ ಗೊತ್ತಿತ್ತು. ಬೇರೆ ಎಲ್ಲೋ ಇನ್ನೊಂದು ಸಂಸಾರ ಐತೇನೋ ಅಂತ ಎಷ್ಟು ಅತ್ತಿದ್ದೀನಿ ಗೊತ್ತೇನಪ್ಪ! ಹಾಳಾದ್ದು, ಇದಕ್ಕಾ?" ಎಂದರು. ಹೆಡ್ಮಾಸ್ಟ್ರು ತಲೆ ತಗ್ಗಿಸಿ ಒಬ್ಬಟ್ಟಿಗೆ ಇನ್ನಷ್ಟು ತುಪ್ಪ ಹಾಕಿಕೊಂಡರು. ಶಾಲೆ ಹೈಸ್ಕೂಲಾಯಿತು. ಅವರು ಮೇಲಿನ ತರಗತಿಗೇ ಇಂಗ್ಲಿಷ್ ಪಾಠ ಮಾಡುತ್ತ ನಿವೃತ್ತರಾದರು.

ಈ ಕಥೆಯನ್ನು ನಾನು ಎಷ್ಟೋ ಕಡೆ ಹೇಳಿ ನಗಿಸಿದ್ದೇನೆ. ಬಸ್ಸಿನಲ್ಲೂ ಸೊಸೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಕ್ಕು ಮುಗಿದ ಮೇಲೆ ಯಾರೂ ಕೇಳದ ಒಂದು ಪ್ರಶ್ನೆ ಕೇಳಿದಳು.

"ಮಾವ, ಅವತ್ತು ರಿಸಲ್ಟ್ ಇದ್ದ ಪೇಪರ್ ಯಾವಾಗ ಬಂದಿತ್ತು?"

"ಬೆಳಗ್ಗೆ ಮೊದಲನೇ ರೈಲಿಗೇ ಬರ್ತಿತ್ತಮ್ಮ. ಅವರೇ ಸ್ಟೇಷನ್ನಿಗೆ ಹೋಗಿ ತರ್ತಿದ್ರು."

"ಹಾಗಾದ್ರೆ ಮೊದಲು ತಮ್ಮ ನಂಬರ್ ಹುಡುಕಿರ್ತಾರಲ್ವಾ?"

ಇಷ್ಟು ವರ್ಷ ನನಗೆ ಆ ಮೆಟ್ಟಿಲು, ಚಪ್ಪಾಳೆ, ಕಾಗೆಗಳಷ್ಟೇ ನೆನಪಿದ್ದವು. ಅದಕ್ಕೂ ಮುಂಚೆ ಸ್ಟೇಷನ್ನಿನಲ್ಲಿ ಒಂದು ಬೆಳಗಿನ ಹೊತ್ತು ಇತ್ತು ಎಂದು ಹೊಳೆದೇ ಇರಲಿಲ್ಲ. ಖಾಲಿ ಪ್ಲಾಟ್‌ಫಾರಂನಲ್ಲಿ ಪೇಟದವರೊಬ್ಬರು ಪತ್ರಿಕೆ ಬಿಚ್ಚಿ, ಸಣ್ಣ ಅಕ್ಷರದ ಸಾಲುಗಳ ಮೇಲೆ ಬೆರಳು ಓಡಿಸುತ್ತಾರೆ. ತಮ್ಮ ನಂಬರು ಇರಬೇಕಾದ ಕಡೆ ಬೆರಳು ನಿಲ್ಲುತ್ತದೆ. ಹಿಂದಕ್ಕೆ ಹೋಗಿ ಇನ್ನೊಮ್ಮೆ ಹುಡುಕುತ್ತದೆ. ಅಲ್ಲೇ ಕೆಳಗೆ ನನ್ನ ನಂಬರು. ಪತ್ರಿಕೆ ಮಡಚಿ, ಊರೊಳಗೆ ಅಷ್ಟು ದೂರ ನಡೆದು ಬರುತ್ತಾರೆ. ಎದುರು ಸಿಕ್ಕವರಿಗೆಲ್ಲ ನಮಸ್ಕಾರ ಹೇಳುತ್ತಾರೆ. ಶಾಲೆಗೆ ಬಂದು, ನನಗೆ ಚಪ್ಪಾಳೆ ಹೊಡೆಸುತ್ತಾರೆ.

ಆಗ ಅವರಿಗಿದ್ದ ವಯಸ್ಸನ್ನು ನಾನು ದಾಟಿ ಎಷ್ಟೋ ಕಾಲವಾಯಿತು. ಆ ನಡಿಗೆ ನನ್ನಿಂದ ಆಗುತ್ತಿತ್ತೇ ಎಂದು ಕೇಳಿಕೊಂಡೆ.

"ಯಾಕ್ ಮಾವ, ಏನ್ ಯೋಚ್ನೆ?" ಎಂದಳು ಸೊಸೆ.

"ಏನಿಲ್ಲಮ್ಮ," ಎಂದೆ. "ಮೇಷ್ಟ್ರು ಯಾರು, ಹುಡುಗ ಯಾರು ಅಂತ ಈಗ ಗೊತ್ತಾಯ್ತು."

ಬಸ್ಸು ಚಿಂತಾಮಣಿ ನಿಲ್ದಾಣದೊಳಗೆ ತಿರುಗಿತು. ಇಳಿಯುವಾಗ ಅವಳು ಕೈ ಹಿಡಿಯಲು ಬಂದಳು. ಯಾವಾಗಲೂ ಬೇಡ ಎನ್ನುವವನು, ಅವತ್ತು ಕೊಟ್ಟೆ.