ಚಹಾ ಪೆಟ್ಟಿಗೆಯಲ್ಲಿ ಮಲಗಿದ ಅನ್ನ

ಬಸುವಿನ ಅವ್ವ ಟಾಂಗಾದಿಂದ ಇಳಿದು ನಮ್ಮ ಖೋಲಿಯ ಬಾಗಿಲಲ್ಲಿ ನಿಂತಾಗ ಮೊದಲು ಕಂಡದ್ದು ಮಗನ ಮುಖ ಅಲ್ಲ. ಬಕೆಟ್ ತಬ್ಬಿಕೊಂಡು ಕುಳಿತಿದ್ದ ನಾನು.

ಸ್ವಾಗತ ಅಂದರೆ ಹೀಗಿರಬೇಕು!

ಹೊಸ ಓದುಗರಿಗೆ ಹೇಳಿಬಿಡುತ್ತೇನೆ. ಬಸು ನನ್ನ ರೂಮ್‌ಮೇಟ್, ಧಾರವಾಡದವನು. ನಾಶಿಕದ ಪಂಚವಟಿಯಲ್ಲಿ ಇಬ್ಬರಿಗೂ ಸೇರಿ ಒಂದೇ ಖೋಲಿ. ಬೆಳಗಾದರೆ ಬಸ್ ಹತ್ತಿ ಓಝರ್‌ನ ವಿಮಾನ ಕಾರ್ಖಾನೆಗೆ ಓಟ. (ಹಳೆಯ ಓದುಗರಿಗೆ ಇದೆಲ್ಲ ಗೊತ್ತು. ನನ್ನ ಚಪಾತಿ ತಿನ್ನಲು ಹೋಗಿ ಬಸು ಹಲ್ಲು ಮುರಿದುಕೊಂಡದ್ದೂ ಗೊತ್ತು.)

ಅವ್ವ ಸುಮ್ಮನೆ ಬಂದವರಲ್ಲ, ಇನ್‌ಸ್ಪೆಕ್ಷನ್‌ಗೆ ಬಂದವರು. ಮಗ ಸರಿಯಾಗಿ ಉಣ್ಣುತ್ತಿಲ್ಲ ಎಂದು ಯಾರೋ ಕಿವಿ ಊದಿದ್ದರು. ಅದು ನಿಜವಾಗಿದ್ದರೆ ಕೆಲಸ ಬಿಡಿಸಿ, ಹುಬ್ಬಳ್ಳಿಯಲ್ಲಿ ಮಾವನ ಬಟ್ಟೆ ಅಂಗಡಿಯಲ್ಲಿ ಕೂರಿಸುವುದೆಂದು ತೀರ್ಮಾನವಾಗಿತ್ತು. ಬಸುವಿಗೆ ವಿಮಾನವೆಂದರೆ ಜೀವ. ಸೀರೆ ಮಡಚುವುದೆಂದರೆ ಜೀವ ಹೋದಂತೆ.

"ಗುರ್ಯಾ, ಅವ್ವಗ ಬಿಸಿ ಅನ್ನ ಹಾಕಬೇಕಲೇ. ಆರಿದ ಅನ್ನ ಕಂಡ್ಳಂದ್ರ ನನ್ನ ಕಥಿ ಮುಗೀತು. ಶಿಫ್ಟ್ ಮುಗಿಸಿ ಬಂದು ಅಕ್ಕಿ ತೊಳ್ಯೂದ್ರಾಗ ಆಕಿ ಬಂದು ಕುಂತಿರ್ತಾಳ," ಅಂದ ಬಸು, ಅವ್ವ ಬರುವ ಹಿಂದಿನ ರಾತ್ರಿ.

"ಮುಂಜಾನೇನ ಮಾಡಿ ಇಡೋಣ. ಸಂಜೀತನಕ ಬಿಸಿ ಇಡೂ ಜವಾಬ್ದಾರಿ ನಂದು," ಅಂದೆ.

ಕಾರ್ಖಾನೆಯಲ್ಲಿ ನನ್ನದು ಹೀಟ್ ಟ್ರೀಟ್‌ಮೆಂಟ್ ವಿಭಾಗ. ಲೋಹವನ್ನು ಎಷ್ಟು ಕಾಯಿಸಬೇಕು, ಹೇಗೆ ತಣಿಸಬೇಕು, ಇದೇ ನನ್ನ ಹೊಟ್ಟೆಪಾಡು. ಅಲ್ಯೂಮಿನಿಯಂ ನನ್ನ ಮಾತು ಕೇಳುತ್ತದೆ. ಅಕ್ಕಿ ಯಾಕೆ ಕೇಳಬಾರದು?

ಕಿರಾಣಿ ಅಂಗಡಿಯಿಂದ ಖಾಲಿ ಚಹಾ ಪೆಟ್ಟಿಗೆ ತಂದೆ. ಹೊರಗೆ ಪ್ಲೈವುಡ್, ಒಳಗೆ ಬೆಳ್ಳಿಬಣ್ಣದ ಹಾಳೆ. ಸುತ್ತ ಒಣಹುಲ್ಲು ತುರುಕಿದೆ. ಕುದಿಕುದಿಯುವ ಅನ್ನದ ಪಾತ್ರೆ ಇಟ್ಟು, ಮುಚ್ಚಳದ ಸಂದಿಗೆ ಗೋಧಿಹಿಟ್ಟು ಮೆತ್ತಿ, ಮೇಲೆ ಬಸುವಿನ ಕೌದಿ ಹೊದಿಸಿದೆ. (ಕೌದಿ ಹೊಲಿದವರು ಅವನ ಅವ್ವನೇ. ಇದು ಮುಂದೆ ಮುಖ್ಯವಾಗುತ್ತದೆ.) ತೊಟ್ಟಿಲಲ್ಲಿ ಮಗುವನ್ನು ಮಲಗಿಸಿದಷ್ಟು ಪ್ರೀತಿಯಿಂದ ಒಮ್ಮೆ ತಟ್ಟಿ, ಕೆಲಸಕ್ಕೆ ಹೋದೆ.

ಸಂಜೆ ಬಂದು ತೆರೆದರೆ ಅನ್ನ ಇನ್ನೂ ಬೆಚ್ಚಗಿತ್ತು! ಬಿಸಿ ಅಲ್ಲ, ಬೆಚ್ಚಗೆ. ಜ್ವರ ಬಂದವರ ಹಣೆಯಷ್ಟು.

ಬಸು ಒಂದು ಅಗುಳು ಹಿಸುಕಿ ನೋಡಿದ. "ಯಾಕೋ ಜಿಗಿ ಜಿಗಿ ಆಗೇತಲ್ಲೋ."

"ಒಗ್ಗರಣಿ ಕೊಟ್ಟು ಮತ್ತೊಮ್ಮೆ ಕಾಯಿಸಿದ್ರ ಎಲ್ಲಾ ಸರಿ ಹೋಗತೈತಿ."

"ಅವ್ವಗ ನಾ ಇದನ್ನ ಬಡಸಂಗಿಲ್ಲ."

ಹೊಸ ವಿಮಾನವನ್ನು ಮೊದಲು ಯಾರು ಹಾರಿಸುತ್ತಾರೆ? ಟೆಸ್ಟ್ ಪೈಲಟ್. ಇಲ್ಲಿ ಟೆಸ್ಟ್ ಪೈಲಟ್ ನಾನೇ. ಪುಣೆಯ ಎಸ್.ಟಿ. ಬಸ್ ಸಂಗಮನೇರ್ ಹತ್ತಿರ ಪಂಕ್ಚರ್ ಆಗಿ ಅವ್ವ ಬರುವುದು ತಡವಾಯಿತು. ಅಷ್ಟರಲ್ಲಿ ನಾನು ಸಾಸಿವೆ, ಮೆಣಸಿನಕಾಯಿ, ಅರಿಸಿನ ಹಾಕಿ ಅನ್ನವನ್ನು ಹೊಗೆ ಬರುವಷ್ಟು ಹುರಿದೆ. ಘಮಘಮ! ಒಂದು ಭರ್ತಿ ತಾಟು ಇಳಿಸಿದೆ.

ವಿಮಾನ ಹಾರಿತು. ಹಾರಿದಷ್ಟೇ ವೇಗದಲ್ಲಿ ಇಳಿಯಿತು. ರನ್‌ವೇ ಯಾವುದೆಂದು ಆಗಲೇ ಹೇಳಿದ್ದೇನೆ: ಬಕೆಟ್.

"ಬಸೂ, ನಿನಗ ಬೇಯಿಸಿ ಹಾಕಾವ ಇವನ ಏನು?" ಅವ್ವ ಬಾಗಿಲಲ್ಲೇ ಕೇಳಿದರು.

"ದಿನಾ ಅಲ್ಲವಾ... ಒಂದಿನ ಬಿಟ್ಟು ಒಂದಿನ."

"ಹಂಗಾರ ಗಂಟು ಕಟ್ಟು."

ನಾನು ಮಾತಾಡಲು ಬಾಯಿ ತೆರೆದೆ. ಬಾಯಿಗೆ ಬೇರೆ ಕೆಲಸವಿತ್ತು.

ಓಣಿಯ ಡಾಕ್ಟರು ಬಂದರು. ಪೆಟ್ಟಿಗೆ ನೋಡಿ "ಅರೆ ವ್ವಾ!" ಅಂದು ನಕ್ಕೇ ನಕ್ಕರು. ಆಮೇಲೆ ಮರಾಠಿಯಲ್ಲಿ ಹೇಳಿದ್ದನ್ನು ಬಸು ಅವ್ವನಿಗೆ ಕನ್ನಡ ಮಾಡಿದ. ಕುದಿಸಿದರೂ ಸಾಯದ, ಕಣ್ಣಿಗೆ ಕಾಣದ ಜಂತುಗಳು ಅಕ್ಕಿಯಲ್ಲಿ ಉಳಿದಿರಬಹುದಂತೆ. ಅನ್ನ ಬೆಚ್ಚಗೆ ಕೂತಷ್ಟೂ ಅವು ಎದ್ದು ಸಂಸಾರ ಹೂಡಿ ವಿಷ ಬಿಡುತ್ತವಂತೆ. ಆ ವಿಷ ಮತ್ತೆ ಕಾಯಿಸಿದರೂ ಹೋಗುವುದಿಲ್ಲವಂತೆ. ಅಂದರೆ ನಾನು ಬೆಳಗಿಂದ ಸಂಜೆಯವರೆಗೆ ಆ ಜಂತುಗಳಿಗೆ ಕೌದಿ ಹೊದಿಸಿ ಜೋಗುಳ ಹಾಡಿದ್ದೆ!

ನಾನು ಏಳುವ ಸ್ಥಿತಿಯಲ್ಲಿರಲಿಲ್ಲ. ಹಾಗೆ ಬಿಟ್ಟು ಹೊರಡಲು ಅವ್ವನಿಗೆ ಮನಸ್ಸಾಗಲಿಲ್ಲ. ಗಂಜಿ ಕಾಯಿಸಿ ಕೊಟ್ಟು, ತಲೆದಿಂಬಿನ ಹತ್ತಿರವೇ ಕೂತರು. ಆದರೆ ಅವರ ತಲೆಯಲ್ಲೂ ಒಂದು ಹುಳ ಕೊರೆಯತೊಡಗಿತ್ತು.

"ಅಲ್ಲೋ ತಮ್ಮಾ, ಬಿಸಿ ಇದ್ರ ಕೆಡಂಗಿಲ್ಲ ಅಂತ ನಾನೂ ಒಲಿ ಮಗ್ಗಲಕ್ಕ ಇಡ್ತಿದ್ದೆ. ಖರೇನ ಏನು ಆ ಡಾಕ್ಟರ್ ಅಂದದ್ದು?"

"ನೋಡೇ ಬಿಡೋಣೇನ್ರಿ ಅವ್ವಾರ?"

ಮರುದಿನ ಅವ್ವ ಅನ್ನ ಮಾಡಿದರು. ಅರ್ಧ ನನ್ನ ಪೆಟ್ಟಿಗೆಗೆ. ಇನ್ನರ್ಧವನ್ನು ಅಗಲವಾದ ಪರಾತದಲ್ಲಿ ತೆಳ್ಳಗೆ ಹರಡಿ, ಕಿಟಕಿಯ ಗಾಳಿಗಿಟ್ಟು, ಆರಿದ ಕೂಡಲೇ ಬಟ್ಟಲಿಗೆ ತುಂಬಿ, ಮುಚ್ಚಿ, ನೀರಿನ ಮಡಕೆಯ ಬುಡದ ಒದ್ದೆ ಮರಳಿನಲ್ಲಿ ಕೂರಿಸಿದೆವು. ಮಧ್ಯಾಹ್ನವೆಲ್ಲ ಇಬ್ಬರಿಗೂ ಬೇರೆ ಕೆಲಸವಿಲ್ಲ. ಅವ್ವ ಒಮ್ಮೆ ಮೂಸುವುದು, ನಾನು ಒಮ್ಮೆ ಮೂಸುವುದು.

ಸಂಜೆಗೆ ಪೆಟ್ಟಿಗೆಯ ಅನ್ನ ಅಂಟಂಟಾಗಿ ಹುಳಿ ವಾಸನೆ ಹೊಡೆಯುತ್ತಿತ್ತು. ಬಟ್ಟಲಿನದ್ದು ಉದುರುದುರಾಗಿ ಕುಳಿತಿತ್ತು.

"ನೋಡ್ದಿ? ಪರಾತ ಗೆದ್ದಿತು!" ಅವ್ವ ಕುಸ್ತಿ ನೋಡಿದವರಂತೆ ತೊಡೆ ತಟ್ಟಿದರು.

ಆದರೂ ಎರಡನ್ನೂ ಚೆಲ್ಲಿದೆವು. ವಾಸನೆ ಬರದಿದ್ದರೂ ಅನ್ನ ಕೆಟ್ಟಿರಬಹುದು, ಮೂಗನ್ನು ನಂಬಬೇಡಿ ಎಂದು ಡಾಕ್ಟರು ಹೇಳಿ ಹೋಗಿದ್ದರು. (ನನ್ನ ಚಿತ್ರಾನ್ನವೂ ಘಮಘಮ ಅಂದಿತ್ತಲ್ಲ?) ನಾನು ಕಲಿತದ್ದಿಷ್ಟು: ಹೊಟ್ಟೆಗೆ ಬೇಕಾದಷ್ಟೇ ಬೇಯಿಸು, ಉಳಿದರೆ ಬೇಗ ಆರಿಸಿ ತಂಪಿನಲ್ಲಿಟ್ಟು ಬೇಗ ಉಂಡು ಮುಗಿಸು, ಅನುಮಾನ ಬಂದರೆ ಚೆಲ್ಲು. ಫ್ರಿಜ್ ಇಲ್ಲದ ನಮ್ಮಂಥವರಿಗೆ ಇನ್ನೇನು ದಾರಿ?

ಹೊರಡುವ ದಿನ ಬಂತು. ಬಸು ಮುಖ ಸಣ್ಣ ಮಾಡಿಕೊಂಡು ಟ್ರಂಕಿಗೆ ಬಟ್ಟೆ ತುಂಬಿದ. ಟಾಂಗಾ ಬಂದು ನಿಂತಿತು. ಅವ್ವ ಟ್ರಂಕು ನೋಡಿದರು, ಬಸುವನ್ನು ನೋಡಿದರು, ಮೂಲೆಯಲ್ಲಿ ಹೊಸ ಐಡಿಯಾ ಬಂದವನಂತೆ ಪೆಟ್ಟಿಗೆ ತಿರುಗಿಸುತ್ತಿದ್ದ ನನ್ನನ್ನು ನೋಡಿದರು.

"ಟ್ರಂಕ್ ಒಳಗಿಡಪಾ ಬಸೂ."

"ಯಾಕವಾ?"

"ನೀ ಬಂದ್ರ ಈ ಹುಚ್ಚಪ್ಪ ಸತ್ತಗಿತ್ತಾನು. ಇವನ ಮ್ಯಾಲೆ ಕಣ್ಣಿಡಾಕ ಯಾರರ ಒಬ್ರು ಬೇಕಲ್ಲ?"

ಕೌದಿಯನ್ನು ಮಾತ್ರ ಮಡಚಿ ಕಂಕುಳಲ್ಲಿಟ್ಟುಕೊಂಡು ಹೋದರು.

ಹೀಗೆ ಬಸುವಿನ ನೌಕರಿ ಉಳಿಸಿದ್ದು ನನ್ನ ಹೊಟ್ಟೆ. ಅವನು ಅದಕ್ಕೆ ಇಲ್ಲಿಯವರೆಗೆ ಒಂದು ಥ್ಯಾಂಕ್ಸ್ ಆದರೂ ಹೇಳಿದ್ದಾನೆಯೇ?